ಯಾರ ಸರದಿ, ಎಷ್ಟು ಹೊತ್ತು

1961ರ ನವೆಂಬರ್‌ನಲ್ಲಿ ಅಮೆರಿಕದ ಎಂಐಟಿಯಲ್ಲಿ ಒಂದು ಪ್ರಾತ್ಯಕ್ಷಿಕೆ ನಡೆಯಿತು. ಐಬಿಎಂ 709 ಎಂಬ ಒಂದೇ ಕಂಪ್ಯೂಟರಿಗೆ ಫ್ಲೆಕ್ಸೋರೈಟರ್ ಎಂಬ ನಾಲ್ಕು ವಿದ್ಯುತ್ ಬೆರಳಚ್ಚು ಯಂತ್ರಗಳನ್ನು ಜೋಡಿಸಿ, ನಾಲ್ಕು ಜನ ಒಟ್ಟಿಗೇ ಕುಳಿತು ಅದರೊಡನೆ ಕೆಲಸ ಮಾಡಬಹುದೆಂದು ತೋರಿಸಲಾಯಿತು. ಆ ನಾಲ್ವರಿಗೂ ಒಂದೊಂದು ಟೇಪ್ ಡ್ರೈವನ್ನು ಬೇರೆಬೇರೆಯಾಗಿ ಕೊಟ್ಟಿದ್ದರು. ಒಬ್ಬರ ಸರದಿ ಮುಗಿದ ಕೂಡಲೇ ಅವರ ಪ್ರೋಗ್ರಾಮ್ ಇದ್ದ ಸ್ಥಿತಿಯಲ್ಲೇ ಅವರ ಟೇಪಿಗೆ ಇಳಿಯಬೇಕು. ಮುಂದಿನವರದು ಅವರ ಟೇಪಿನಿಂದ ಮೆಮೊರಿಗೆ ಏರಬೇಕು. ಟೈಮ್-ಶೇರಿಂಗ್ ಎಂಬ ಹೆಸರು ಕೇಳಿದಾಗಲೆಲ್ಲ ನನಗೆ ಮೊದಲು ನೆನಪಾಗುವುದು ಈ ನಾಲ್ಕು ಟೇಪುಗಳೇ. ಹಂಚಿಕೊಂಡದ್ದು ಕಾಲವನ್ನು ಎಂದು ಹೆಸರು ಹೇಳುತ್ತದೆ; ಆದರೆ ಆ ಕಾಲದ ಬಹುಪಾಲು ಲೆಕ್ಕ ಮಾಡುವುದಕ್ಕಲ್ಲ, ಸಾಮಾನು ಇಳಿಸಿ ಏರಿಸುವುದಕ್ಕೇ ಹೋಗುವ ಅಪಾಯವಿತ್ತು. ಆ ಅಪಾಯವನ್ನು ಹತೋಟಿಗೆ ತರಲು ಹೊರಟವರ ಯೋಚನೆಯ ಜಾಡು ಹಿಡಿದು ನಾನು ಕೆಲವು ತಿಂಗಳಿಂದ ಓದುತ್ತಿದ್ದೇನೆ. ಈ ಬರಹ ಆ ಓದಿನಿಂದ ಹುಟ್ಟಿದ್ದು.

ಅದಕ್ಕೆ ಮುಂಚಿನ ಪದ್ಧತಿಯನ್ನು ಒಮ್ಮೆ ನೆನೆದುಕೊಳ್ಳಬೇಕು. ಪ್ರೋಗ್ರಾಮ್ ಬರೆದವರು ಪಂಚ್ ಕಾರ್ಡುಗಳ ಕಟ್ಟನ್ನು ಕಂಪ್ಯೂಟರ್ ಕೇಂದ್ರದ ಕಿಟಕಿಯಲ್ಲಿ ಕೊಟ್ಟು ಬರುತ್ತಿದ್ದರು. ಅಲ್ಲಿನ ಸಿಬ್ಬಂದಿ ಹಲವರ ಕಟ್ಟುಗಳನ್ನು ಒಂದುಗೂಡಿಸಿ, ಒಂದರ ಹಿಂದೊಂದರಂತೆ ಯಂತ್ರಕ್ಕೆ ಉಣಿಸುತ್ತಿದ್ದರು. ಉತ್ತರ ಸಿಗುವುದು ಕೆಲವು ಗಂಟೆಗಳ ನಂತರ, ಒಮ್ಮೊಮ್ಮೆ ಮಾರನೆಯ ದಿನ. ಅಲ್ಪವಿರಾಮವೊಂದು ತಪ್ಪಿದ್ದರೂ ಮತ್ತೆ ಅದೇ ಕಿಟಕಿ, ಮತ್ತೆ ಅದೇ ಕಾಯುವಿಕೆ. ಇದನ್ನು ಮೂರ್ಖತನವೆಂದು ಈಗ ನಗುವುದು ಸುಲಭ, ಆದರೆ ಅದರ ಹಿಂದೆ ಗಟ್ಟಿಯಾದ ಲೆಕ್ಕಾಚಾರವೇ ಇತ್ತು. ಯಂತ್ರದ ಬೆಲೆ ಹತ್ತಾರು ಲಕ್ಷ ಡಾಲರ್. ಅದು ಒಂದು ಕ್ಷಣವೂ ಸುಮ್ಮನಿರಬಾರದು. ಕಾಯುವ ಮನುಷ್ಯನ ಹೊತ್ತಿಗೆ ಯಾರೂ ಬೆಲೆ ಕಟ್ಟಿರಲಿಲ್ಲ. 1959ರ ಜನವರಿ 1ರಂದು ಎಂಐಟಿಯ ಗಣಕ ವಿಜ್ಞಾನಿ ಜಾನ್ ಮೆಕಾರ್ಥಿ ಅಲ್ಲಿನ ಗಣಕ ಕೇಂದ್ರದ ನಿರ್ದೇಶಕರಾಗಿದ್ದ ಫಿಲಿಪ್ ಮೋರ್ಸ್ ಅವರಿಗೆ ಬರೆದ ಟಿಪ್ಪಣಿಯು ಈ ಲೆಕ್ಕವನ್ನೇ ಬುಡಮೇಲು ಮಾಡಿತು. ಪ್ರತಿಯೊಬ್ಬರೂ ಯಂತ್ರವು ತಮ್ಮೊಬ್ಬರದೇ ಎಂಬಂತೆ ಅದರೊಡನೆ ಮಾತಾಡುವಂತಾಗಬೇಕು ಎಂಬುದು ಆ ಟಿಪ್ಪಣಿಯ ಬೇಡಿಕೆಯಾಗಿತ್ತು.

ಬೇಡಿಕೆ ಹಗಲುಗನಸೇನಲ್ಲ. 709ರ ನಂತರ ಬಂದ ಐಬಿಎಂ 7090 ಒಂದು ಸೆಕೆಂಡಿನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಕೂಡುವ ಲೆಕ್ಕ ಮಾಡಬಲ್ಲದು. ಅದೇ ಒಂದು ಸೆಕೆಂಡಿನಲ್ಲಿ ಮನುಷ್ಯ ನಾಲ್ಕಾರು ಅಕ್ಷರ ಒತ್ತಿದರೆ ಹೆಚ್ಚು. ಒಬ್ಬರು ಯೋಚಿಸುತ್ತಿರುವಾಗ ಇನ್ನೊಬ್ಬರ ಕೆಲಸ ಮಾಡಿದರೆ ಯಾರಿಗೂ ನಷ್ಟವಿಲ್ಲ. ತೊಡಕು ಇದ್ದದ್ದು ಜಾಗದಲ್ಲಿ. 7090ರ ಕೋರ್ ಮೆಮೊರಿಯಲ್ಲಿ 32,768 ವರ್ಡುಗಳಿದ್ದವು. ಒಂದು ವರ್ಡಿಗೆ 36 ಬಿಟ್ ಎಂದು ಗುಣಿಸಿದರೆ ಈಗಿನ ಮಾತಿನಲ್ಲಿ ಸುಮಾರು 144 ಕಿಲೋಬೈಟ್. ಮನೆಯ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆ ಬರುವ ಶುಭೋದಯದ ಚಿತ್ರವೂ ಅದರಲ್ಲಿ ಹಿಡಿಸಲಾರದು. ಮುಂದೆ ಎಂಐಟಿಯವರು ಇಂಥದೇ ಎರಡು ಮೆಮೊರಿಗಳನ್ನು ಹಾಕಿಸಿಕೊಂಡು, ಒಂದರಲ್ಲಿ ವ್ಯವಸ್ಥೆಯ ಮೇಲ್ವಿಚಾರಕ ಪ್ರೋಗ್ರಾಮನ್ನು ಇಟ್ಟರು, ಇನ್ನೊಂದನ್ನು ಬಳಕೆದಾರರಿಗೆ ಬಿಟ್ಟರು. ಆ ಇನ್ನೊಂದರಲ್ಲಿ ಒಂದು ಸಲಕ್ಕೆ ಓಡುವುದು ಒಬ್ಬರ ಪ್ರೋಗ್ರಾಮ್. ಉಳಿದವರದೆಲ್ಲ ಡ್ರಮ್, ಡಿಸ್ಕ್ ಎಂಬ ನಿಧಾನಗತಿಯ ಕಾಂತೀಯ ಸಂಗ್ರಹಗಳಲ್ಲಿ ಮಲಗಿರಬೇಕು.

ಇಲ್ಲಿ ನನಗೆ ನಾನು ಬೆಳೆದ ಊರಿನ ಹಿಟ್ಟಿನ ಗಿರಣಿ ನೆನಪಾಗುತ್ತದೆ. ಅಲ್ಲಿದ್ದದ್ದು ಒಂದೇ ಮೋಟಾರು, ಒಂದೇ ಜೊತೆ ಕಲ್ಲು. ಶನಿವಾರ ಅಮ್ಮ ರಾಗಿಯ ಡಬ್ಬ ಕೊಟ್ಟು ಕಳಿಸಿದರೆ, ಡಬ್ಬವನ್ನು ಸಾಲಿನಲ್ಲಿಟ್ಟು ನಾವು ಹೊರಗಿನ ಕಟ್ಟೆಯ ಮೇಲೆ ಕೂರುತ್ತಿದ್ದೆವು. ಸಾಲಿನಲ್ಲಿ ನಿಲ್ಲುತ್ತಿದ್ದದ್ದು ಡಬ್ಬಗಳೇ ಹೊರತು ಜನರಲ್ಲ. ಎರಡು ಸೇರು ತಂದ ಹುಡುಗನೊಬ್ಬ ‘ಅಣ್ಣಾ, ಇಷ್ಟೇ ಇದೆ’ ಎಂದು ಡಬ್ಬದ ಮುಚ್ಚಳ ತೆಗೆದು ತೋರಿಸಿದರೆ, ಗಿರಣಿಯವರು ಮೂಟೆ ತಂದವರ ಕಡೆ ಒಮ್ಮೆ ನೋಡಿ ಅವನನ್ನು ಮುಂದೆ ಬಿಡುತ್ತಿದ್ದರು. ಮೂಟೆಯವರೂ ಅಷ್ಟಾಗಿ ಗೊಣಗುತ್ತಿರಲಿಲ್ಲ, ಏಕೆಂದರೆ ಎರಡು ಸೇರಿನಿಂದ ಅವರಿಗೆ ಆಗುವ ತಡ ಎಷ್ಟು ಮಹಾ. ಆದರೆ ಅದೇ ಹುಡುಗ ಒಣಮೆಣಸಿನಕಾಯಿ ತಂದಿದ್ದರೆ ಈ ದಾಕ್ಷಿಣ್ಯ ನಡೆಯುತ್ತಿರಲಿಲ್ಲ. ಖಾರ ಬೀಸಿದ ಮೇಲೆ ಕಲ್ಲನ್ನು ಬಿಚ್ಚಿ ಗುಡಿಸಿ, ಒಂದೆರಡು ಹಿಡಿ ನುಚ್ಚು ಹಾಕಿ ಓಡಿಸಿ, ಆ ನುಚ್ಚನ್ನು ಚೆಲ್ಲಬೇಕು. ಇಲ್ಲದಿದ್ದರೆ ಮುಂದಿನವರ ಮುದ್ದೆ ಖಾರವಾಗುತ್ತದೆ. ಹಾಗಾಗಿ ಖಾರಕ್ಕೆ ಸಂಜೆಯ ಪಾಳಿ. ಒಮ್ಮೆ ಕಲ್ಲು ಖಾರಕ್ಕೆ ತಿರುಗಿತೆಂದರೆ ಇದ್ದಬದ್ದ ಮೆಣಸಿನಕಾಯಿಯೆಲ್ಲ ಬೀಸಿಯೇ ನಿಲ್ಲುತ್ತಿತ್ತು. ಚಿಕ್ಕದನ್ನು ಮೊದಲು ಬಿಡು, ಆದರೆ ಬದಲಾವಣೆಗೆ ತಗಲುವ ಖರ್ಚನ್ನು ಮರೆಯಬೇಡ ಎಂಬ ಎರಡು ಮಾತುಗಳ ನಡುವೆ ಆ ಗಿರಣಿ ಓಡುತ್ತಿತ್ತು.

ಫರ್ನಾಂಡೋ ಕೋರ್ಬಾಟೋ, ಮಾರ್ಜರಿ ಮರ್ವಿನ್-ಡ್ಯಾಗೆಟ್ ಮತ್ತು ರಾಬರ್ಟ್ ಡೇಲಿ 1962ರ ಮೇ ತಿಂಗಳಲ್ಲಿ ಒಂದು ಸಮ್ಮೇಳನದಲ್ಲಿ ಮಂಡಿಸಿದ ಪ್ರಬಂಧ ಸಿಟಿಎಸ್ಎಸ್ ಎಂಬ, ಎಂಐಟಿಯ ಈ ಟೈಮ್-ಶೇರಿಂಗ್ ವ್ಯವಸ್ಥೆಯನ್ನು ವಿವರಿಸುತ್ತದೆ. ಅದರ ಶೆಡ್ಯೂಲರ್, ಎಂದರೆ ಯಾರ ಸರದಿ ಯಾವಾಗ ಎಂದು ನಿರ್ಧರಿಸುವ ಭಾಗ, ಗಿರಣಿಯ ಎರಡೂ ಮಾತುಗಳನ್ನು ಒಂದೇ ಸೂತ್ರಕ್ಕೆ ಇಳಿಸಿತ್ತು. ಅತ್ಯಂತ ಸರಳವಾದ ಉಪಾಯವೆಂದರೆ ಎಲ್ಲರನ್ನೂ ವೃತ್ತಾಕಾರವಾಗಿ ಕೂರಿಸಿ, ಪ್ರತಿಯೊಬ್ಬರಿಗೂ ಸಮನಾದ ಒಂದು ತುಣುಕು ಕಾಲವನ್ನು ಕೊಡುತ್ತ ಹೋಗುವುದು. ಇದು ನ್ಯಾಯವಾಗಿ ಕಾಣುತ್ತದೆ, ಆದರೆ ಗಿರಣಿಯಲ್ಲಿ ಪ್ರತಿಯೊಂದು ಡಬ್ಬಕ್ಕೂ ಕಲ್ಲು ಬಿಚ್ಚಿದಂತೆ. ತುಣುಕು ಚಿಕ್ಕದಾದರೆ ಹೊತ್ತೆಲ್ಲ ಸಾಗಣೆಗೇ ಹೋಗುತ್ತದೆ. ದೊಡ್ಡದಾದರೆ ಒಂದು ಸಾಲು ತಿದ್ದಲು ಬಂದವನು ಒಬ್ಬ ಭೌತವಿಜ್ಞಾನಿಯ ಉದ್ದನೆಯ ಲೆಕ್ಕ ಮುಗಿಯುವ ತನಕ ಬೆರಳು ಮಡಚಿಕೊಂಡು ಕೂರಬೇಕು.

ಅವರು ಮಾಡಿದ್ದು ಇಷ್ಟು. ಒಂದರ ಮೇಲೊಂದು ಹಲವು ಸಾಲುಗಳು. ಸೊನ್ನೆಯ ಸಾಲು, ಒಂದನೆಯದು, ಎರಡನೆಯದು, ಹೀಗೆ. ಸೊನ್ನೆಯ ಸಾಲಿನಲ್ಲಿರುವ ಪ್ರೋಗ್ರಾಮಿಗೆ ಒಂದು ತುಣುಕು ಕಾಲ, ಒಂದನೆಯ ಸಾಲಿನದಕ್ಕೆ ಎರಡು ತುಣುಕು, ಎರಡನೆಯದಕ್ಕೆ ನಾಲ್ಕು, ಮೂರನೆಯದಕ್ಕೆ ಎಂಟು. ಕೆಳಗಿನ ಸಾಲು ಖಾಲಿಯಾಗದೆ ಮೇಲಿನ ಸಾಲಿಗೆ ಪಾಳಿ ಬರುವುದಿಲ್ಲ. ಮೇಲಿನದು ಓಡುತ್ತಿರುವಾಗ ಕೆಳಗಿನ ಸಾಲಿಗೆ ಯಾರಾದರೂ ಬಂದರೆ ಅವರಿಗೆ ದಾರಿ ಬಿಡಬೇಕು. ಕೊಟ್ಟ ಕಾಲದೊಳಗೆ ಕೆಲಸ ಮುಗಿಸದ ಪ್ರೋಗ್ರಾಮ್ ಒಂದು ಸಾಲು ಮೇಲಕ್ಕೆ ಹೋಗಿ ಕೊನೆಯಲ್ಲಿ ನಿಲ್ಲುತ್ತದೆ. ಎಂದರೆ, ಅದಕ್ಕೆ ಪಾಳಿ ಸಿಗುವುದು ಅಪರೂಪವಾಗುತ್ತದೆ, ಸಿಕ್ಕಾಗ ಸಿಗುವ ಹೊತ್ತು ಇಮ್ಮಡಿಯಾಗುತ್ತದೆ. ಒಂದು ಲೆಕ್ಕ ಹಾಕಿ ನೋಡಿದೆ. ಇನ್ನೂರು ತುಣುಕುಗಳ ಕೆಲಸವಿರುವ ಒಂದು ಪ್ರೋಗ್ರಾಮನ್ನು ವೃತ್ತಾಕಾರದ ಪದ್ಧತಿಯಲ್ಲಿ ಇನ್ನೂರು ಸಲ ಏರಿಸಿ ಇಳಿಸಬೇಕು. ಇಮ್ಮಡಿಯ ಪದ್ಧತಿಯಲ್ಲಿ ಒಂದು, ಎರಡು, ನಾಲ್ಕು ಎಂದು ಅರವತ್ತನಾಲ್ಕರ ತನಕ ಏಳು ಪಾಳಿಗಳಲ್ಲಿ ನೂರ ಇಪ್ಪತ್ತೇಳು ತುಣುಕುಗಳು ಕಳೆಯುತ್ತವೆ, ಎಂಟನೆಯ ಪಾಳಿಯಲ್ಲಿ ಕೆಲಸ ಮುಗಿಯುತ್ತದೆ. ಇನ್ನೂರು ಎಲ್ಲಿ, ಎಂಟು ಎಲ್ಲಿ!

ಹೊಸದಾಗಿ ಬಂದ ಪ್ರೋಗ್ರಾಮನ್ನು ಯಾವ ಸಾಲಿಗೆ ಸೇರಿಸಬೇಕು ಎಂಬುದಕ್ಕೆ ಅವರು ಕೊಟ್ಟ ಉತ್ತರ ನನಗೆ ಇನ್ನೂ ಹೆಚ್ಚು ಮೆಚ್ಚುಗೆಯಾದ ಭಾಗ. ಪ್ರೋಗ್ರಾಮಿನ ಗಾತ್ರವನ್ನು ನೋಡಿ, ಅದನ್ನು ಮೆಮೊರಿಗೆ ತಂದು ಹೊರಗೆ ಹಾಕಲು ಎಷ್ಟು ತುಣುಕು ಕಾಲ ಬೇಕೆಂದು ಲೆಕ್ಕ ಹಾಕಿ, ಅದಕ್ಕೆ ಒಂದು ಕೂಡಿ, ಎರಡರ ಎಷ್ಟನೆಯ ಘಾತವಾಗುತ್ತದೆಂದು ನೋಡುತ್ತಿದ್ದರು. ಸಾಗಣೆಗೆ ಏಳು ತುಣುಕು ಬೇಕಾದರೆ, ಒಂದು ಕೂಡಿದರೆ ಎಂಟು. ಎಂಟು ಎಂದರೆ ಎರಡರ ಮೂರನೆಯ ಘಾತ. ಆದ್ದರಿಂದ ಆ ಪ್ರೋಗ್ರಾಮ್ ನೇರವಾಗಿ ಮೂರನೆಯ ಸಾಲಿನಲ್ಲಿ ನಿಲ್ಲುತ್ತದೆ, ಪಾಳಿ ಬಂದಾಗ ಎಂಟು ತುಣುಕು ಓಡುತ್ತದೆ. ಸಾಗಣೆಗೆ ಏಳು, ಕೆಲಸಕ್ಕೆ ಎಂಟು. ದೊಡ್ಡ ಮೂಟೆಯನ್ನು ಹೊತ್ತು ತಂದ ಮೇಲೆ ಒಂದು ಹಿಡಿ ಬೀಸಿ ವಾಪಸು ಕಳಿಸುವ ಹುಚ್ಚಾಟ ಇದರಲ್ಲಿಲ್ಲ. ಎರಡು ಸಂಖ್ಯೆಗಳು ಯಾವಾಗಲೂ ಇಷ್ಟು ಅಚ್ಚುಕಟ್ಟಾಗಿ ಹೊಂದುವುದಿಲ್ಲವೆಂಬುದು ನಿಜ, ಆದರೂ ಓಡುವ ಹೊತ್ತು ಸಾಗಣೆಯ ಹೊತ್ತಿಗೆ ತಕ್ಕಮಟ್ಟಿಗೆ ತೂಗುತ್ತದೆ.

ಈ ಸೂತ್ರದಲ್ಲಿ ಗಮನಿಸಬೇಕಾದದ್ದು ಅದು ಯಾರನ್ನೂ ಏನನ್ನೂ ಕೇಳುವುದಿಲ್ಲ ಎಂಬುದು. ‘ನಿಮ್ಮ ಕೆಲಸಕ್ಕೆ ಎಷ್ಟು ಹೊತ್ತು ಬೇಕು?’ ಎಂದು ಬಳಕೆದಾರರನ್ನು ಕೇಳಿದರೆ ನಿಜವಾದ ಉತ್ತರ ಅವರಿಗೇ ಗೊತ್ತಿರುವುದಿಲ್ಲ. ಗೊತ್ತಿದ್ದವರು ಕಡಿಮೆ ಹೇಳುತ್ತಾರೆ. ಆದ್ದರಿಂದ ಪ್ರತಿಯೊಂದನ್ನೂ ಅದರ ಗಾತ್ರ ಅನುಮತಿಸುವಷ್ಟು ಚಿಕ್ಕ ಕೆಲಸವೆಂದೇ ಮೊದಲು ನಂಬಿ, ಅದು ತಿನ್ನುತ್ತ ಹೋದಂತೆ ನಂಬಿಕೆಯನ್ನು ತಿದ್ದಿಕೊಳ್ಳುವುದು ಈ ಶೆಡ್ಯೂಲರಿನ ರೀತಿ. ಭವಿಷ್ಯ ತಿಳಿಯದಿರುವಾಗ ನಡತೆಯನ್ನು ನೋಡಿ ತೀರ್ಮಾನಿಸು ಎನ್ನುವ ಈ ನಿಲುವು ಅರವತ್ತು ವರ್ಷಗಳ ನಂತರವೂ ಹಳೆಯದಾಗಿಲ್ಲ. ಕೆಲಸದ ಒತ್ತಡ ಏರಿದಾಗ ಎಲ್ಲರೂ ಸಮನಾಗಿ ಬಳಲುವುದಿಲ್ಲ ಎಂಬುದೂ ಇದರ ಪರಿಣಾಮವೇ. ಒಂದು ಸಾಲು ತಿದ್ದುವವನಿಗೆ ಒತ್ತಡ ಗೊತ್ತೇ ಆಗದಿರಬಹುದು, ಪೆಟ್ಟೆಲ್ಲ ದೊಡ್ಡ ಲೆಕ್ಕದವನ ಮೇಲೆ ಬೀಳುತ್ತದೆ. ಕೀಲಿಮಣೆಯ ಮುಂದೆ ಕುಳಿತವರ ತಾಳ್ಮೆ ಯಂತ್ರದ ಹೊತ್ತಿಗಿಂತ ದುಬಾರಿ ಎಂದು ಇಲ್ಲಿ ಮೊದಲ ಬಾರಿಗೆ ಗಣಿತದ ಭಾಷೆಯಲ್ಲಿ ಬರೆದಿಟ್ಟಂತಾಯಿತು.

ಸಾಗಣೆಯ ಖರ್ಚನ್ನು ತಗ್ಗಿಸಲು ಇನ್ನೊಂದು ಉಪಾಯವೂ ಸಿಟಿಎಸ್ಎಸ್‌ನಲ್ಲಿ ಇತ್ತು. ಅದನ್ನು ಈರುಳ್ಳಿ ಸಿಪ್ಪೆಗೆ ಹೋಲಿಸಿ ಕರೆಯುತ್ತಿದ್ದರು. ದೊಡ್ಡ ಪ್ರೋಗ್ರಾಮ್ ಇರುವ ಜಾಗಕ್ಕೆ ಚಿಕ್ಕದೊಂದು ಬರಬೇಕಾದರೆ, ದೊಡ್ಡದನ್ನು ಇಡಿಯಾಗಿ ಹೊರಗೆ ಹಾಕುವುದಿಲ್ಲ. ಚಿಕ್ಕದಕ್ಕೆ ಬೇಕಾದಷ್ಟು ಭಾಗವನ್ನು ಮಾತ್ರ ಡ್ರಮ್ಮಿಗೆ ಬರೆದು, ಉಳಿದದ್ದನ್ನು ಅಲ್ಲೇ ಬಿಡುತ್ತಿದ್ದರು. ದೊಡ್ಡದರ ಪಾಳಿ ಮರಳಿದಾಗ ಹೋದ ಪದರವನ್ನಷ್ಟೇ ತಂದು ಹಚ್ಚಿದರಾಯಿತು. ಜಾಗವಿಲ್ಲದ ಮನೆಯಲ್ಲಿ ಬಾಳಿದವರಿಗೆ ಈ ಬಗೆಯ ಬುದ್ಧಿ ತಾನಾಗಿಯೇ ಬರುತ್ತದೆ.

ಚಿಕ್ಕವರನ್ನು ಸದಾ ಮುಂದೆ ಬಿಟ್ಟರೆ ಹಿಂದಿನವರ ಪಾಡೇನು? ಕೆಳಗಿನ ಸಾಲುಗಳು ಖಾಲಿಯಾಗದೇ ಇದ್ದರೆ ಮೇಲಿನ ಸಾಲಿನವರಿಗೆ ಉಪವಾಸವೇ. 1973ರಲ್ಲಿ ಎಂಐಟಿಯ, 7090ರ ನಂತರ ಬಂದ ಐಬಿಎಂ 7094ನ್ನು ನಿಲ್ಲಿಸಿದಾಗ, 1967ರಲ್ಲಿ ಕೊಟ್ಟಿದ್ದ ಒಂದು ಕೆಲಸ ಇನ್ನೂ ಪಾಳಿ ಸಿಗದೆ ಕಾಯುತ್ತಿತ್ತು ಎಂಬ ಕಥೆ ಪಠ್ಯಪುಸ್ತಕಗಳಲ್ಲಿದೆ. ಅವು ಇದನ್ನು ವದಂತಿಯೆಂದೇ ಹೇಳುತ್ತವೆ, ನನಗೂ ನಂಬಿಕೆಯಿಲ್ಲ. ಆರು ವರ್ಷದಲ್ಲಿ ಆ ಯಂತ್ರ ಎಷ್ಟೋ ಸಲ ನಿಂತು ಮತ್ತೆ ಶುರುವಾಗಿರಬೇಕು. ಕಾದಷ್ಟೂ ಒಂದೊಂದು ಸಾಲು ಮುಂದಕ್ಕೆ ಬಿಡುವುದು ಈ ರೋಗಕ್ಕೆ ಮದ್ದೆಂಬುದನ್ನು ವಿನ್ಯಾಸಕಾರರು ಬೇಗನೇ ಕಂಡುಕೊಂಡರು. ನನಗೆ ಹೆಚ್ಚು ರುಚಿಸಿದ್ದು ಇದಕ್ಕೆ ವಿರುದ್ಧವಾದ ಇನ್ನೊಂದು ಕಥೆ. ಬರ್ಕ್ಲಿಯಲ್ಲಿ ಹುಟ್ಟಿದ ಎಕ್ಸ್‌ಡಿಎಸ್ 940 ವ್ಯವಸ್ಥೆಯಲ್ಲಿ, ಟರ್ಮಿನಲ್ಲಿನಲ್ಲಿ, ಎಂದರೆ ಬಳಕೆದಾರರ ಮುಂದಿನ ಕೀಲಿಮಣೆಯ ಯಂತ್ರದಲ್ಲಿ, ಸಾಲು ಮುಗಿಸುವ ಕೀಲಿ ಒತ್ತಿದವರ ಪ್ರೋಗ್ರಾಮನ್ನು ಹೆಚ್ಚಿನ ಆದ್ಯತೆಗೆ ಏರಿಸುತ್ತಿದ್ದರು. ಮಾತಾಡುತ್ತಿರುವವನಿಗೆ ಬೇಗ ಉತ್ತರ ಸಿಗಲಿ ಎಂಬುದು ಉದ್ದೇಶ. ಭಾರಿ ಲೆಕ್ಕ ಓಡಿಸುತ್ತಿದ್ದ ಒಬ್ಬ ಮಹಾಶಯ, ಸುಮ್ಮನೆ ಕೂತು ಆಗಾಗ ಆ ಕೀಲಿ ಒತ್ತುತ್ತಿದ್ದರೆ ತನ್ನ ಲೆಕ್ಕ ಬೇಗ ಮುಗಿಯುತ್ತದೆಂದು ಕಂಡುಕೊಂಡನಂತೆ, ಕಂಡದ್ದನ್ನು ಗೆಳೆಯರಿಗೆಲ್ಲ ಹೇಳಿದನಂತೆ. ನಡತೆಯನ್ನು ನೋಡಿ ಆದ್ಯತೆ ಕೊಡುವ ಯಾವ ಪದ್ಧತಿಯಾದರೂ ಇಂಥ ನಟನೆಯನ್ನು ಎದುರಿಸಲೇಬೇಕು. ನಮ್ಮ ಗಿರಣಿಯಲ್ಲಿಯೂ ಒಂದೇ ಮನೆಯ ಮೂವರು ಮಕ್ಕಳು ಮೂರು ಚಿಕ್ಕ ಡಬ್ಬ ಹಿಡಿದು ಬರುವುದಿತ್ತು.

ಇಷ್ಟೆಲ್ಲ ನಡೆಯಬೇಕಾದರೆ ಯಂತ್ರಕ್ಕೇ ಕೆಲವು ಅಂಗಗಳನ್ನು ಹೊಸದಾಗಿ ಜೋಡಿಸಬೇಕಾಯಿತು. ಓಡುತ್ತಿರುವ ಪ್ರೋಗ್ರಾಮಿನಿಂದ ಹತೋಟಿಯನ್ನು ಕಿತ್ತುಕೊಳ್ಳಲು ಗಡಿಯಾರ ಬೇಕು. ಒಬ್ಬರ ಪ್ರೋಗ್ರಾಮ್ ಇನ್ನೊಬ್ಬರ ಜಾಗಕ್ಕೆ ಕೈ ಹಾಕದಂತೆ ತಡೆಯುವ ರಿಜಿಸ್ಟರುಗಳು ಬೇಕು. ಟೇಪು, ಡಿಸ್ಕುಗಳನ್ನು ಮುಟ್ಟುವ ಆದೇಶಗಳು ಮೇಲ್ವಿಚಾರಕನ ಮೂಲಕವೇ ಹೋಗಬೇಕು. ಎಂಐಟಿಯ ಯಂತ್ರಗಳಿಗೆ ಐಬಿಎಂ ಇವನ್ನು ವಿಶೇಷವಾಗಿ ಅಳವಡಿಸಿಕೊಟ್ಟಿತು. ಗಡಿಯಾರಕ್ಕೂ ಒಂದು ಮಿತಿಯಿತ್ತು ಎಂಬುದು 1966ರ ಒಂದು ಪ್ರಸಂಗದಿಂದ ತಿಳಿಯುತ್ತದೆ. ಇಬ್ಬರು ಸಿಸ್ಟಮ್ ಪ್ರೋಗ್ರಾಮರುಗಳು ಒಂದೇ ಖಾತೆಯಲ್ಲಿ ಕೂತು ಒಬ್ಬರು ಪಾಸ್‌ವರ್ಡುಗಳ ಕಡತವನ್ನೂ ಇನ್ನೊಬ್ಬರು ಲಾಗಿನ್ ಆದವರಿಗೆಲ್ಲ ತೋರಿಸುವ ದಿನದ ಸಂದೇಶವನ್ನೂ ತಿದ್ದುತ್ತಿದ್ದರು. ಎಡಿಟರ್ ಪ್ರೋಗ್ರಾಮ್ ತನ್ನ ತಾತ್ಕಾಲಿಕ ಕಡತಕ್ಕೆ ಸದಾ ಒಂದೇ ಹೆಸರು ಇಡುತ್ತಿತ್ತು; ಒಂದು ಖಾತೆಯಲ್ಲಿ ಒಂದು ಹೊತ್ತಿಗೆ ಒಬ್ಬರೇ ಇರುತ್ತಾರೆ ಎಂಬ ಹಳೆಯ ಊಹೆ. ಎರಡೂ ಅದಲುಬದಲಾಗಿ, ಲಾಗಿನ್ ಆದವರಿಗೆಲ್ಲ ಎಲ್ಲರ ಪಾಸ್‌ವರ್ಡುಗಳು ಅಚ್ಚಾಗತೊಡಗಿದವು. ಇದನ್ನು ಕಂಡ ಒಬ್ಬ ಬಳಕೆದಾರ ತಕ್ಷಣ ಯಂತ್ರವನ್ನು ನಿಲ್ಲಿಸಲು ಮಾಡಿದ ಉಪಾಯ ಸೊಗಸಾಗಿದೆ. ತನ್ನನ್ನೇ ತಾನು ನೆರವೇರಿಸು ಎನ್ನುವ ಒಂದೇ ಆದೇಶವನ್ನು ಅವರು ಓಡಿಸಿದರು. ಗಡಿಯಾರ ಅಡ್ಡ ಬರುವುದು ಒಂದು ಆದೇಶ ಮುಗಿದು ಇನ್ನೊಂದು ಶುರುವಾಗುವ ಸಂದಿಯಲ್ಲಿ. ಎಂದೂ ಮುಗಿಯದ ಆದೇಶಕ್ಕೆ ಅಂಥ ಸಂದಿಯೇ ಇಲ್ಲ. ಶೆಡ್ಯೂಲರ್ ಎಷ್ಟೇ ಜಾಣನಾಗಿದ್ದರೂ, ಅದರ ಜಾಣತನಕ್ಕೆ ಕಾಲಿಡಲು ಜಾಗವಿದ್ದದ್ದು ಆ ಸಂದಿಯೊಂದೇ.

ಕಾಲದ ಮಾತು ಇಷ್ಟಾಯಿತು. ಜಾಗದ ಹಂಚಿಕೆಯಲ್ಲಿ ಮೊದಲ ದೊಡ್ಡ ಹೆಜ್ಜೆ ಇಂಗ್ಲೆಂಡಿನದು. ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ 1962ರಲ್ಲಿ ಬಳಕೆಗೆ ಬಂದ ಅಟ್ಲಾಸ್ ಯಂತ್ರ ಮೆಮೊರಿಯನ್ನು 512 ವರ್ಡುಗಳ ಪುಟಗಳಾಗಿ ಹೋಳುಮಾಡಿತು. ಅದರ ಕೋರ್ ಮೆಮೊರಿಯಲ್ಲಿ ಹಿಡಿಯುತ್ತಿದ್ದದ್ದು 32 ಪುಟಗಳು, ಉಳಿದವು ಡ್ರಮ್ಮಿನಲ್ಲಿ. ಪ್ರೋಗ್ರಾಮ್ ಬರೆಯುವವರಿಗೆ ಮಾತ್ರ ಇದೆಲ್ಲ ಒಂದೇ ದೊಡ್ಡ ಮೆಮೊರಿಯಂತೆ ಕಾಣುತ್ತಿತ್ತು. ಹೊಸ ಪುಟಕ್ಕೆ ಜಾಗ ಮಾಡಲು ಯಾವ ಹಳೆಯ ಪುಟವನ್ನು ಹೊರಗೆ ಹಾಕಬೇಕು ಎಂಬುದನ್ನು ಅಟ್ಲಾಸ್ ಪುಟದ ಹಿಂದಿನ ನಡತೆಯಿಂದಲೇ ಊಹಿಸುತ್ತಿತ್ತು. ಕಳೆದ ಸಲ ಎಷ್ಟು ಹೊತ್ತು ಬೇಡವಾಗಿತ್ತೋ ಅದಕ್ಕಿಂತ ಹೆಚ್ಚು ಹೊತ್ತು ಈ ಸಲ ಬೇಡವಾಗಿದ್ದರೆ ಅದು ಇನ್ನು ಬೇಕಾಗುವುದಿಲ್ಲ ಎಂದು ತೀರ್ಮಾನ. ಅಟ್ಲಾಸ್ ಟರ್ಮಿನಲ್ಲುಗಳ ಮುಂದೆ ಜನರನ್ನು ಕೂರಿಸಲು ಹುಟ್ಟಿದ ಯಂತ್ರವಲ್ಲ. ಆದರೆ ಅದರ ಪುಟಗಳು ಟೈಮ್-ಶೇರಿಂಗ್‌ಗೆ ವರವಾಗಿ ಕಂಡವು. ಇಡೀ ಪ್ರೋಗ್ರಾಮನ್ನು ಏರಿಸಿ ಇಳಿಸುವ ಬದಲು ಬೇಕಾದ ಪುಟಗಳನ್ನಷ್ಟೇ ತಂದರೆ, ಹಲವರ ಪ್ರೋಗ್ರಾಮುಗಳು ಒಟ್ಟಿಗೇ ಮೆಮೊರಿಯಲ್ಲಿರಬಹುದಲ್ಲ. ಸಿಟಿಎಸ್ಎಸ್‌ನ ಮುಂದಿನ ಪೀಳಿಗೆಯಾಗಿ 1965ರಲ್ಲಿ ಪ್ರಕಟವಾದ ಮಲ್ಟಿಕ್ಸ್ ಯೋಜನೆ ಪುಟಗಳನ್ನೇ ನೆಚ್ಚಿಕೊಂಡಿತು; ಅದು ಎಂಐಟಿಯಲ್ಲಿ ಸೇವೆಗೆ ಬರುವಷ್ಟರಲ್ಲಿ 1969 ಆಗಿತ್ತು.

ವರವೇ ಕೆಲವೊಮ್ಮೆ ಶಾಪವಾಯಿತು. ಒಂದು ಮಿತಿಯ ತನಕ ಬಳಕೆದಾರರು ಹೆಚ್ಚಿದಂತೆ ಯಂತ್ರ ಹೆಚ್ಚು ಕೆಲಸ ಮಾಡುತ್ತದೆ. ಆ ಮಿತಿ ದಾಟಿ ಇನ್ನೊಬ್ಬರನ್ನು ಒಳಗೆ ಬಿಟ್ಟರೆ ಎಲ್ಲವೂ ಕುಸಿಯುತ್ತದೆ. ಪ್ರತಿಯೊಬ್ಬರ ಪುಟವೂ ಬೇರೊಬ್ಬರ ಪುಟವನ್ನು ಹೊರದಬ್ಬಿ ಒಳಗೆ ಬರುತ್ತದೆ, ಮರುಕ್ಷಣವೇ ತಾನೂ ದಬ್ಬಿಸಿಕೊಳ್ಳುತ್ತದೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಹಿಂದೆ ನಾನಿದ್ದ ಒಂದು ಕಚೇರಿಯಲ್ಲಿ ಹನ್ನೆರಡು ಜನಕ್ಕೆ ಒಂದೇ ಸರ್ವರ್ ಇತ್ತು. ಮಧ್ಯಾಹ್ನ ಊಟ ಮುಗಿಸಿ ಬಂದವರೆಲ್ಲ ಒಂದೇ ಹೊತ್ತಿಗೆ ತಂತಮ್ಮ ಕೋಡನ್ನು ಬಿಲ್ಡ್ ಮಾಡಲು, ಎಂದರೆ ಓಡಬಲ್ಲ ಪ್ರೋಗ್ರಾಮಾಗಿ ಕಟ್ಟಲು, ಕೊಡುತ್ತಿದ್ದರು. ಮೂರು ಗಂಟೆಗೆ ಸರಿಯಾಗಿ, ಒಂದು ಅಕ್ಷರ ಒತ್ತಿದರೆ ಪರದೆಯ ಮೇಲೆ ಅದು ಮೂಡಲು ಹತ್ತು ಸೆಕೆಂಡು. ಸರ್ವರಿನ ಡಿಸ್ಕಿನ ದೀಪ ಆರುತ್ತಲೇ ಇರಲಿಲ್ಲ, ಪ್ರೊಸೆಸರ್ ಮಾತ್ರ ಬಹುತೇಕ ಖಾಲಿ ಕೂತಿದೆಯೆಂದು ಅಂಕಿಗಳು ತೋರಿಸುತ್ತಿದ್ದವು. ಪ್ರೊಸೆಸರ್ ಖಾಲಿ ಇದೆಯಲ್ಲ ಎಂದು ಮೇಲಿನವರು ಇನ್ನಿಬ್ಬರಿಗೆ ಅದರಲ್ಲೇ ಖಾತೆ ತೆರೆಸಿಕೊಟ್ಟರು. ಆಗ ನನಗಿದ್ದದ್ದು ಬರೀ ಸಿಟ್ಟು. ಕೊನೆಗೆ ಹಿರಿಯ ಸಹೋದ್ಯೋಗಿಯೊಬ್ಬರು ಒಂದು ಕಾಗದ ಅಂಟಿಸಿ, ಒಂದು ಹೊತ್ತಿಗೆ ಮೂವರು ಮಾತ್ರ ಬಿಲ್ಡ್ ಕೊಡಬೇಕೆಂದು ಹೆಸರು ಬರೆಯುವ ಪದ್ಧತಿ ಮಾಡಿದರು. ಹದಿನಾಲ್ಕು ಜನರ ಕೆಲಸವೂ ನಾಲ್ಕೂವರೆಗೆ ಮುಗಿಯತೊಡಗಿತು.

ಆ ಕಾಗದದ ಹಿಂದಿನ ತತ್ವವನ್ನು ಎಂಐಟಿಯಲ್ಲೇ ಸಂಶೋಧನೆ ಮಾಡುತ್ತಿದ್ದ ಪೀಟರ್ ಡೆನ್ನಿಂಗ್ 1968ರಲ್ಲಿ ಬರೆದಿಟ್ಟಿದ್ದರು. ಯಾವುದೇ ಪ್ರೋಗ್ರಾಮ್ ಒಂದು ಅವಧಿಯಲ್ಲಿ ತನ್ನೆಲ್ಲ ಪುಟಗಳನ್ನೂ ಮುಟ್ಟುವುದಿಲ್ಲ. ಕೆಲವನ್ನೇ ಮತ್ತೆ ಮತ್ತೆ ಮುಟ್ಟುತ್ತದೆ. ಆ ಕೆಲವಕ್ಕೆ ಅವರು ವರ್ಕಿಂಗ್ ಸೆಟ್ ಎಂದು ಹೆಸರಿಟ್ಟರು. ಅಷ್ಟಕ್ಕೂ ಮೆಮೊರಿಯಲ್ಲಿ ಜಾಗವಿದ್ದರೆ ಮಾತ್ರ ಆ ಪ್ರೋಗ್ರಾಮಿಗೆ ಪಾಳಿ ಕೊಡಬೇಕು; ಇಲ್ಲವಾದರೆ ಬಾಗಿಲಾಚೆ ನಿಲ್ಲಿಸಬೇಕು. ಅದುವರೆಗೆ ಕಾಲ ಹಂಚುವ ಭಾಗ ಬೇರೆ, ಜಾಗ ಹಂಚುವ ಭಾಗ ಬೇರೆ ಎಂಬಂತೆ ಎರಡನ್ನೂ ಬರೆಯುತ್ತಿದ್ದರು. ಜಾಗವಿಲ್ಲದವನಿಗೆ ಕಾಲ ಕೊಡುವುದು ಎಲೆ ಹಾಕದೆ ಬಡಿಸಿದಂತೆ ಎಂಬುದು ಈ ಪ್ರಬಂಧದಿಂದ ಸ್ಪಷ್ಟವಾಯಿತು. ನನ್ನ ದೃಷ್ಟಿಯಲ್ಲಿ ಆ ದಶಕದ ಅತಿ ದೊಡ್ಡ ಒಳನೋಟ ಇದೇ. ಸಿಟಿಎಸ್ಎಸ್‌ನ ಇಮ್ಮಡಿಯ ಸೂತ್ರ ಎಷ್ಟೇ ಚೆಂದವಿದ್ದರೂ ಅದು ಒಂದು ಹೊತ್ತಿಗೆ ಒಬ್ಬರೇ ಮೆಮೊರಿಯಲ್ಲಿರುವ ಲೋಕದ ಸೂತ್ರ.

ಸೂತ್ರಗಳಿಂದ ಬಗೆಹರಿಯದ ಹಂಚಿಕೆಯೂ ಇತ್ತು. ಡಾರ್ಟ್‌ಮತ್ ಕಾಲೇಜಿನಲ್ಲಿ ಜಾನ್ ಕೆಮೆನಿ ಮತ್ತು ಥಾಮಸ್ ಕರ್ಟ್ಜ್ ರೂಪಿಸಿದ ಟೈಮ್-ಶೇರಿಂಗ್ ವ್ಯವಸ್ಥೆ 1964ರ ಮೇ 1ರ ಬೆಳಗಿನ ಜಾವ ನಾಲ್ಕು ಗಂಟೆಗೆ ಮೊದಲು ಓಡಿತು. ಅದರ ಬಹುಪಾಲು ಪ್ರೋಗ್ರಾಮ್ ಬರೆದವರು ಪದವಿ ವಿದ್ಯಾರ್ಥಿಗಳು. ಅಲ್ಲಿ ಡೇಟಾನೆಟ್-30 ಎಂಬ ಚಿಕ್ಕ ಯಂತ್ರ ಟರ್ಮಿನಲ್ಲುಗಳನ್ನು ನೋಡಿಕೊಳ್ಳುತ್ತ, ಲೆಕ್ಕ ಮಾಡುವ ದೊಡ್ಡ ಯಂತ್ರಕ್ಕೆ ಯಾವಾಗ ಯಾರ ಕೆಲಸ ಎಂದು ಅಪ್ಪಣೆ ಕೊಡುತ್ತಿತ್ತು. ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಹುಟ್ಟಿದ್ದೂ ಅಂದೇ, ಅದೇ ಯಂತ್ರದ ಮೇಲೆ. ವಿದ್ಯಾರ್ಥಿಗಳು ಬೇಸಿಕ್‌ನಲ್ಲಿ ಬರೆದ ಪ್ರೋಗ್ರಾಮುಗಳು ಚಿಕ್ಕವು, ಥಟ್ಟನೆ ಯಂತ್ರದ ಭಾಷೆಗೆ ತರ್ಜುಮೆಯಾಗಿ ಓಡಿ ಮುಗಿಯುವಂಥವು; ಹೀಗಾಗಿ ಭಾಷೆಯೇ ಅರ್ಧ ಶೆಡ್ಯೂಲರಿನ ಕೆಲಸ ಮಾಡಿತು ಎಂದರೆ ತಪ್ಪಾಗಲಾರದು. ಕಪಾಟುಗಳನ್ನು ಬೀಗವಿಲ್ಲದೆ ತೆರೆದಿಟ್ಟ ಗ್ರಂಥಾಲಯದಂತೆ ಕಂಪ್ಯೂಟರ್ ಕೂಡ ಎಲ್ಲ ವಿದ್ಯಾರ್ಥಿಗಳಿಗೆ ಉಚಿತವಾಗಿರಬೇಕೆಂಬುದು ಕೆಮೆನಿ ಮತ್ತು ಕರ್ಟ್ಜ್ ಅವರ ಹಟ. ಎಂಐಟಿಯಲ್ಲಿ ಹಾಗಿರಲಿಲ್ಲ. ಸುಮಾರು ಮೂವತ್ತು ಜನರಿಗಷ್ಟೇ ಒಟ್ಟಿಗೆ ಜಾಗವಿದ್ದ ವ್ಯವಸ್ಥೆಯಲ್ಲಿ ಪ್ರತಿಯೊಬ್ಬರಿಗೂ ಇಷ್ಟು ಗಂಟೆ ಯಂತ್ರದ ಹೊತ್ತು, ಡಿಸ್ಕಿನಲ್ಲಿ ಇಷ್ಟು ಜಾಗ ಎಂದು ಖಾತೆಪುಸ್ತಕ ಇಟ್ಟಿದ್ದರು. ಸೂತ್ರ ಸೆಕೆಂಡುಗಳನ್ನು ಹಂಚುತ್ತಿತ್ತು, ಖಾತೆಪುಸ್ತಕ ವಾರಗಳನ್ನು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1980ರ ದಶಕದಲ್ಲಿ ಡೆಕ್-10 ಕುಟುಂಬದ ಟೈಮ್-ಶೇರಿಂಗ್ ಯಂತ್ರದ ಟರ್ಮಿನಲ್ಲಿಗೆ ಕಾದವರಿಗೂ ಈ ಎರಡನೆಯ ಬಗೆಯ ಹಂಚಿಕೆಯ ಪರಿಚಯ ಚೆನ್ನಾಗಿಯೇ ಇದ್ದಿರಬೇಕು.

ಖಾತೆಪುಸ್ತಕಕ್ಕೆ ಮೊದಲು ಕನ್ನ ಹಾಕಿದ್ದಾಗಿ ತಾವೇ ಒಪ್ಪಿಕೊಂಡವರು ಅಲನ್ ಶೆರ್. 1962ರಲ್ಲಿ ಅವರು ಎಂಐಟಿಯ ಸಂಶೋಧನ ವಿದ್ಯಾರ್ಥಿ. ಅವರಿಗೆ ಸಿಕ್ಕಿದ್ದು ವಾರಕ್ಕೆ ನಾಲ್ಕು ಗಂಟೆ. ಕಂಪ್ಯೂಟರ್ ವ್ಯವಸ್ಥೆಗಳ ನಡತೆಯನ್ನು ಅನುಕರಿಸಿ ನೋಡುವ ಅವರ ಪ್ರೋಗ್ರಾಮುಗಳಿಗೆ ಅದು ಎಲ್ಲಿಗೂ ಸಾಲುತ್ತಿರಲಿಲ್ಲ. ಪಂಚ್ ಕಾರ್ಡಿನಲ್ಲಿ ಕೋರಿಕೆ ಬರೆದು ಕೊಟ್ಟರೆ ಯಾವ ಕಡತವನ್ನಾದರೂ ಅಚ್ಚು ಹಾಕಿಕೊಡುವ ಸೌಲಭ್ಯ ಇತ್ತು. ಒಂದು ಶುಕ್ರವಾರ ತಡರಾತ್ರಿ ಅವರು ಪಾಸ್‌ವರ್ಡುಗಳ ಕಡತವನ್ನು ಅಚ್ಚು ಹಾಕಲು ಕೋರಿಕೆ ಕೊಟ್ಟು, ಶನಿವಾರ ಬೆಳಿಗ್ಗೆ ಹೋಗಿ ಕಾಗದ ಎತ್ತಿಕೊಂಡು ಬಂದರು. ಆಮೇಲೆ ಅವರಿಗೆ ಬೇಕಾದಷ್ಟು ಜನರ ಹೊತ್ತು ಸಿಕ್ಕಿತು.

ಶೆರ್ 1965ರಲ್ಲಿ ಮುಗಿಸಿದ ಡಾಕ್ಟರೇಟ್ ಪ್ರಬಂಧ ಸಿಟಿಎಸ್ಎಸ್‌ನ ಬಳಕೆಯನ್ನೇ ಅಳೆದು ಬರೆದದ್ದು. ಬಳಕೆದಾರರು ಎಷ್ಟು ಹೊತ್ತು ಯೋಚಿಸುತ್ತಾರೆ, ಎಷ್ಟು ಹೊತ್ತು ಯಂತ್ರವನ್ನು ಬಳಸುತ್ತಾರೆ, ಎಷ್ಟು ಜನ ಇದ್ದರೆ ಉತ್ತರ ಎಷ್ಟು ತಡವಾಗುತ್ತದೆ ಎಂಬುದಕ್ಕೆ ಅವರು ಒಂದು ಗಣಿತದ ಮಾದರಿಯನ್ನು ಹುಡುಕುತ್ತಿದ್ದರು. ಹಲವು ಸಾಲುಗಳು, ಇಮ್ಮಡಿಯಾಗುವ ಪಾಳಿಗಳು, ಗಾತ್ರದ ಲೆಕ್ಕ ಎಲ್ಲವನ್ನೂ ಪಕ್ಕಕ್ಕಿಟ್ಟು, ಕಾರ್ಖಾನೆಗಳಿಗಾಗಿ ಹಿಂದೆಯೇ ಬರೆದಿಟ್ಟಿದ್ದ ಒಂದು ಹಳೆಯ ಮಾದರಿಯನ್ನು ಅವರು ಎತ್ತಿಕೊಂಡರು. ಕಾರ್ಖಾನೆಯಲ್ಲಿ ಹಲವು ಯಂತ್ರಗಳಿವೆ, ರಿಪೇರಿಯವನು ಒಬ್ಬನೇ. ಕೆಟ್ಟ ಯಂತ್ರಗಳು ಅವನಿಗಾಗಿ ಸಾಲಿನಲ್ಲಿ ಕಾಯುತ್ತವೆ. ಈ ಸರಳ ಮಾದರಿ ಸಿಟಿಎಸ್ಎಸ್‌ನ ಸರಾಸರಿ ಕಾಯುವ ಹೊತ್ತನ್ನು ಅಚ್ಚರಿಯಾಗುವಷ್ಟು ಸರಿಯಾಗಿ ಹೇಳಿತು. ಅದರಲ್ಲಿ ರಿಪೇರಿಯವನ ಜಾಗದಲ್ಲಿ ನಿಂತದ್ದು ಹತ್ತಾರು ಲಕ್ಷ ಡಾಲರಿನ 7094. ಕಾರ್ಖಾನೆಯ ಯಂತ್ರಗಳ ಜಾಗದಲ್ಲಿ ಕೂತವರು ಟರ್ಮಿನಲ್ಲಿನ ಮುಂದಿನ ಮನುಷ್ಯರು: ಯೋಚಿಸುತ್ತಿದ್ದರೆ ಯಂತ್ರ ಓಡುತ್ತಿದೆ ಎಂದು ಲೆಕ್ಕ, ಉತ್ತರಕ್ಕಾಗಿ ಕಾಯುತ್ತಿದ್ದರೆ ಕೆಟ್ಟು ನಿಂತಿದೆ ಎಂದು.